ರೋಗಶಯ್ಯೆಯ ಬಳಿಗೆ ಬಂದ ಆಟಗಾರರು

ಹುಡುಗರಿಗೆ ಆಟದ ಹುಚ್ಚು ಎಂತಹುದೆಂಬುದನ್ನು ನಮ್ಮ ತಾಯಂದಿರಿಗೆ ಯಾರೂ ಹೊಸದಾಗಿ ತಿಳಿಸಬೇಕಾದುದಿಲ್ಲ. ನಿನ್ನೆ ಓದಿದ ಪಾಠವನ್ನು ಇಂದು ಒಪ್ಪಿಸಲಾರದ ಮಗನು ಹತ್ತು ವರ್ಷಗಳ ಹಿಂದೆ ಯಾವ ಊರಿನಲ್ಲಿ ಯಾವ ದಾಂಡಿಗನು ಎಷ್ಟು ಓಟಗಳನ್ನು ಗಳಿಸಿದನೆಂಬುದನ್ನು ತಡವರಿಸದೆ ಹೇಳುತ್ತಾನೆ. ಊಟಕ್ಕೆ ಮೂರು ಸಲ ಕೂಗಿದರೂ ಕೇಳಿಸದ ಅವನ ಕಿವಿಗೆ ಆಟದ ಸುದ್ದಿಯು ಪಕ್ಕದ ಮನೆಯ ಗೋಡೆಯಾಚೆಯಿಂದಲೂ ಕೇಳಿಸುತ್ತದೆ. ಇಂತಹ ಹುಡುಗನೊಬ್ಬನು ಹಾಸಿಗೆ ಹಿಡಿದರೆ, ಅದೂ ಮರಳಿ ಏಳುವನೋ ಇಲ್ಲವೋ ಎಂಬಂತಹ ಕಾಯಿಲೆಯಾದರೆ, ಅವನ ಮುಖದಲ್ಲಿ ನಗೆಯನ್ನು ತರಿಸುವ ಬಗೆ ಯಾವುದು? ೧೯೪೮ನೆಯ ಇಸವಿಯಲ್ಲಿ ಅಮೆರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಕೆಲವರು ಈ ಪ್ರಶ್ನೆಗೆ ಒಂದು ಉತ್ತರವನ್ನು ಕಂಡುಕೊಂಡರು. ಆ ಸಂಗತಿಯನ್ನೂ ಅದರಿಂದ ಮುಂದೆ ಆದುದನ್ನೂ ವಾಚಕರಿಗೆ ತಿಳಿಸೋಣವೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ.

ನಮ್ಮಲ್ಲಿ ಕ್ರಿಕೆಟ್ಟಿಗೆ ಇರುವ ಸ್ಥಾನ ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟಕ್ಕೆ ಇದ್ದಿತು. ಎರಡೂ ಚೆಂಡು ದಾಂಡಿನ ಆಟಗಳೇ. ಆದರೆ ಅಕ್ಕತಂಗಿಯರು ಬೇರೆ ಬೇರೆ ಮನೆಗಳಿಗೆ ಸೇರಿ ನಡೆನುಡಿ ಬದಲಿಸಿದಂತೆ ಇವೆರಡರ ರೀತಿಗಳು ಬೇರೆಯಾಗಿವೆ. ಬೇಸ್‌ಬಾಲಿನ ದಾಂಡು ಚಪ್ಪಟೆಯಲ್ಲ, ನಮ್ಮ ಒನಕೆಯ ತಮ್ಮನಂತೆ ಗುಂಡಾಗಿರುತ್ತದೆ. ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾರೆ. ಓಡಬೇಕಾದುದು ಎರಡು ಗೂಟಗಳ ನಡುವೆ ಅಲ್ಲ. ತೊಂಬತ್ತು ತೊಂಬತ್ತು ಅಡಿಗಳ ಅಂತರದಲ್ಲಿ ನಾಲ್ಕು ಮೂಲೆಗಳಿರುವ ಒಂದು ಚೌಕವನ್ನು ಸುತ್ತಿ ಬಂದರೆ ಒಂದು ಓಟ. ಒಂದೊಂದು ತಂಡದಲ್ಲಿ ಒಂಬತ್ತು ಜನ. ಆಟಕ್ಕೆ ಒಂಬತ್ತು ಸರದಿಗಳು. ದಾಂಡಿಗನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಮುಖಕ್ಕೆ ಕಂಬಿಯ ಮುಸುಕನ್ನು ಕಟ್ಟಿಕೊಂಡು ಚೆಂಡನ್ನು ಹಿಡಿಯುವವನಿಗೆ ಕ್ಯಾಚರ್ ಎಂದು ಹೆಸರು. ಈ ಕ್ಯಾಚರ್ ಎಂಬವನನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಬಾಗಿಲಿನಿಂದ ಮೊದಲು ಒಳಗೆ ಬರುವವನು ಅವನೇ.

ಆ ಕಾಲಕ್ಕೆ ಬಾಸ್ಟನ್ ನಗರದಲ್ಲಿ ಎರಡು ದೊಡ್ಡ ತಂಡಗಳಿದ್ದುವು. ಒಂದು ರೆಡ್ ಸಾಕ್ಸ್, ಇನ್ನೊಂದು ಬ್ರೇವ್ಸ್. ಊರಿನವರ ಹೆಚ್ಚಿನ ಒಲವು ರೆಡ್ ಸಾಕ್ಸಿನ ಕಡೆಗೇ. ಬ್ರೇವ್ಸ್ ತಂಡವಾದರೋ ೧೯೧೪ರಲ್ಲಿ ಒಮ್ಮೆ ಗೆದ್ದು ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ತನ್ನ ಪಂಗಡದಲ್ಲಿ ಅಗ್ರಸ್ಥಾನವನ್ನು ಕಾಣದೆ ಇದ್ದ ತಂಡ. ಗೆಲ್ಲುವವರನ್ನು ಮೆಚ್ಚುವುದು ಯಾರಿಗಾದರೂ ಸುಲಭ. ಸೋಲುವವರನ್ನು ಮೆಚ್ಚಿಕೊಂಡಿರುವುದಕ್ಕೆ ಬೇರೆ ಬಗೆಯ ಎದೆ ಬೇಕು. ಅಂತಹ ಎದೆಯ ಹುಡುಗನೊಬ್ಬನು ಮೇಯ್ನ್ ಸಂಸ್ಥಾನದ ಉತ್ತರದ ತುದಿಯಲ್ಲಿ, ಬಾಸ್ಟನ್ನಿಗೆ ಮುನ್ನೂರು ಮೈಲಿಗಿಂತಲೂ ದೂರದಲ್ಲಿ ಇದ್ದನು. ಆ ಹಳ್ಳಿಯ ಹೆಸರು ನ್ಯೂ ಸ್ವೀಡನ್. ೧೮೭೦ರಲ್ಲಿ ಸ್ವೀಡನ್ ದೇಶದಿಂದ ವಲಸೆ ಬಂದವರು ಕಾಡನ್ನು ಕಡಿದು ನೆಲೆಸಿದ ಸ್ಥಳವದು. ಸುತ್ತಲೂ ಆಲೂಗೆಡ್ಡೆಯ ಹೊಲಗಳು. ವರ್ಷದಲ್ಲಿ ಹಲವು ತಿಂಗಳು ಹಿಮ. ಹುಡುಗನ ಹೆಸರು ಐನಾರ್ ಗುಸ್ಟಾಫ್‌ಸನ್. ಬೇಸಾಯಗಾರರ ಮನೆಯ ಮಗ, ವಯಸ್ಸು ಹನ್ನೆರಡು.

ಐನಾರನಿಗೆ ಹೊಟ್ಟೆನೋವು ಬಂದಿತು. ಹುಡುಗರ ಹೊಟ್ಟೆನೋವನ್ನು ಯಾರು ಅಷ್ಟಾಗಿ ಲಕ್ಷಿಸುತ್ತಾರೆ? ಆದರೆ ಇದು ಬಿಡಲಿಲ್ಲ. ಮೇಯ್ನಿನ ಲೂಯಿಸ್ಟನ್ ಎಂಬ ಊರಿನಲ್ಲಿ ಶಸ್ತ್ರಕ್ರಿಯೆ ನಡೆಯಿತು. ಕರುಳಿನಲ್ಲಿ ಗಂತಿಯಿದ್ದುದು ಕಂಡಿತು. ಅದು ಅರ್ಬುದ, ಎಂದರೆ ಈಗ ಮನೆಮನೆಯಲ್ಲಿಯೂ ಕ್ಯಾನ್ಸರ್ ಎಂಬ ಹೆಸರಿನಿಂದ ತಿಳಿದಿರುವ ರೋಗ. ಆ ದಿನಗಳಲ್ಲಿ ಮಕ್ಕಳಿಗೆ ಈ ರೋಗ ಬಂದಿತೆಂದರೆ ವೈದ್ಯರು ತಾಯಿತಂದೆಗಳ ಮುಖವನ್ನು ನೋಡಲು ಹಿಂಜರಿಯುತ್ತಿದ್ದರು. ಬದುಕಿ ಉಳಿಯುವವರು ಅತಿ ವಿರಳ. ಬಾಸ್ಟನ್ನಿನಲ್ಲಿ ಒಬ್ಬ ವೈದ್ಯರು ಇಂತಹ ಮಕ್ಕಳನ್ನು ನೋಡುತ್ತಾರೆಂಬುದು ತಿಳಿದು ಹುಡುಗನನ್ನು ಅಲ್ಲಿಗೆ ಒಯ್ದರು.

ಆ ವೈದ್ಯರೇ ಸಿಡ್ನಿ ಫಾರ್ಬರ್. ಅವರು ಮೊದಲಿಗೆ ರೋಗಿಗಳನ್ನು ನೋಡುವ ವೈದ್ಯರಾಗಿರಲಿಲ್ಲ. ಮಡಿದ ಮಕ್ಕಳ ದೇಹವನ್ನು ಪರೀಕ್ಷಿಸಿ ಸಾವಿನ ಕಾರಣವನ್ನು ಬರೆಯುವ ರೋಗನಿದಾನ ಶಾಸ್ತ್ರಜ್ಞರು. ಸತ್ತಮೇಲೆ ಕಾರಣವನ್ನು ಹೇಳಿ ಹೇಳಿ ಬೇಸತ್ತ ಅವರಿಗೆ ಸಾಯುವ ಮೊದಲೇ ಏನಾದರೂ ಮಾಡಬೇಕೆನಿಸಿತು. ರಕ್ತದ ಅರ್ಬುದದಿಂದ ನರಳುವ ಮಕ್ಕಳಿಗೆ, ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧವನ್ನು ಕೊಟ್ಟು ನೋಡಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಗುಣ ಕಂಡಿತು. ಅದು ಸ್ಥಿರವಾದ ಗುಣವಲ್ಲ. ಕೆಲವು ವಾರ, ಕೆಲವು ತಿಂಗಳು ಮಾತ್ರ. ಆದರೂ ಏಳಲಾರದವರು ಎದ್ದು ನಡೆದಾಡಿದರು. ೧೯೪೮ರ ಜೂನ್ ತಿಂಗಳಿನಲ್ಲಿ ಈ ಸಮಾಚಾರವು ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಕಥೆಯನ್ನು ಒಂದು ಗಳಿಗೆ ನಿಲ್ಲಿಸಿ, ನಮ್ಮ ದೇಶಕ್ಕೆ ಸೇರಿದ ಒಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಆ ಔಷಧವನ್ನು ಒದಗಿಸಿದ ಲೆಡರ್ಲಿ ಪ್ರಯೋಗಶಾಲೆಯ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ೧೮೯೫ರ ಜನವರಿಯಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಮದರಾಸಿನಲ್ಲಿ ವೈದ್ಯವನ್ನು ಓದಿ, ೧೯೨೦ರ ದಶಕದಲ್ಲಿ ಬಾಸ್ಟನ್ನಿಗೇ ಹೋಗಿ ಕಷ್ಟದಿಂದ ಕಲಿತವರು. ಅವರ ಪ್ರಯೋಗಶಾಲೆಯಿಂದಲೇ ಬಂದ, ಅದೇ ಜಾತಿಯ ಮತ್ತೊಂದು ಔಷಧವನ್ನು ೧೯೪೭ರಲ್ಲಿ ಬೇಸ್‌ಬಾಲಿನ ಮಹಾವೀರನೆನಿಸಿದ ಬೇಬ್ ರೂತನಿಗೆ ಕೊಟ್ಟರು. ಅವನೂ ಅರ್ಬುದದಿಂದ ನರಳುತ್ತಿದ್ದನು, ಕೆಲವು ಕಾಲ ಚೇತರಿಸಿಕೊಂಡನು. ರೂತನು ಹುಟ್ಟಿದುದು ೧೮೯೫ರ ಫೆಬ್ರವರಿಯಲ್ಲಿ. ಒಂದು ತಿಂಗಳ ಅಂತರದಲ್ಲಿ ಭೂಮಿಯ ಎರಡು ಮೂಲೆಗಳಲ್ಲಿ ಹುಟ್ಟಿದ ಇವರಿಬ್ಬರೂ ೧೯೪೮ರ ಆಗಸ್ಟ್ ತಿಂಗಳಿನಲ್ಲಿಯೇ, ಐವತ್ತಮೂರರ ವಯಸ್ಸಿನಲ್ಲಿ ತೀರಿಕೊಂಡರು. ಹೆಣೆಯಲು ಹೊರಟ ಕಥೆಗಾರನೂ ಹೀಗೆ ಹೆಣೆಯಲು ಅಂಜುವನು.

ಇನ್ನು ಐನಾರನ ವಿಷಯ. ಫಾರ್ಬರರಿಗೆ ಔಷಧದ ದಾರಿಯೇನೋ ಕಂಡಿತ್ತು, ಹಣ ಇರಲಿಲ್ಲ. ಚಿತ್ರಮಂದಿರಗಳನ್ನು ನಡೆಯಿಸುವವರೇ ಮೊದಲಾದ ವಿನೋದ ವ್ಯವಹಾರದವರು ಸೇರಿಕೊಂಡಿದ್ದ ವೆರೈಟಿ ಕ್ಲಬ್ ಎಂಬ ಧರ್ಮಕಾರ್ಯದ ಸಂಘವು ಅವರ ನೆರವಿಗೆ ಬಂದಿತು. ಜನರ ಮನಸ್ಸನ್ನು ಮುಟ್ಟುವ ಬಗೆಯನ್ನು ಇವರಿಗಿಂತ ಚೆನ್ನಾಗಿ ಬಲ್ಲವರಾರು? ರೋಗದ ಹೆಸರನ್ನು ಹೇಳಿದರೆ ಜನರು ಮುಖ ತಿರುಗಿಸುವರು. ಒಂದು ಮಗುವನ್ನು ತೋರಿಸಿದರೆ ನಿಂತು ನೋಡುವರು. ಆಸ್ಪತ್ರೆಯಲ್ಲಿದ್ದ ಮಕ್ಕಳಲ್ಲಿ ಸೋತ ಮುಖದವನಾಗದೆ ಮಾತನಾಡಬಲ್ಲ ಹುಡುಗನನ್ನು ಅವರು ಹುಡುಕಿದರು. ನೀಲಿ ಕಣ್ಣಿನ, ಹೊಂಬಣ್ಣದ ಕೂದಲಿನ, ಬ್ರೇವ್ಸ್ ತಂಡದ ಸುದ್ದಿಯೆಂದರೆ ಪ್ರಾಣ ಬಿಡುವ ಐನಾರನು ಅವರ ಕಣ್ಣಿಗೆ ಬಿದ್ದನು. ಅವನ ನಿಜವಾದ ಹೆಸರನ್ನು ಹೊರಗೆಡಹಬಾರದೆಂದು, ದಾರಿಯಲ್ಲಿ ಹೋಗುವ ಯಾವ ಹುಡುಗನಿಗಾದರೂ ಒಪ್ಪುವ 'ಜಿಮ್ಮಿ' ಎಂಬ ಹೆಸರನ್ನಿಟ್ಟರು.

೧೯೪೮ರ ಮೇ ೨೨, ಶನಿವಾರದ ರಾತ್ರಿ. ರಾಲ್ಫ್ ಎಡ್ವರ್ಡ್ಸ್ ಎಂಬವರು 'ಟ್ರೂತ್ ಆರ್ ಕಾನ್ಸಿಕ್ವೆನ್ಸಸ್' ಎಂಬ ರೇಡಿಯೋ ಕಾರ್ಯಕ್ರಮವನ್ನು ನಡೆಯಿಸುತ್ತಿದ್ದರು. ಅಮೆರಿಕದ ಉದ್ದಗಲಕ್ಕೂ ಮನೆಮಂದಿ ಊಟ ಮುಗಿಸಿ ಕೂಡಿ ಕುಳಿತು ಕೇಳುವಂತಹ ಕಾರ್ಯಕ್ರಮವದು. ಎಡ್ವರ್ಡ್ಸ್ ಇದ್ದುದು ಹಾಲಿವುಡ್ಡಿನಲ್ಲಿ. ಹುಡುಗನು ಮಲಗಿದ್ದುದು ಮೂರು ಸಾವಿರ ಮೈಲಿಗಳಾಚೆ, ಬಾಸ್ಟನ್ನಿನಲ್ಲಿ. ತಂತಿಯ ಮೂಲಕ ಇಬ್ಬರಿಗೂ ಮಾತು ಏರ್ಪಟ್ಟಿತು. ಅಂದಿನ ಪ್ರಸಾರದ ಧ್ವನಿಮುದ್ರಿಕೆಯು ಇಂದಿಗೂ ಉಳಿದಿದೆ. ಹುಡುಗನ ಧ್ವನಿ ಹಳ್ಳಿಯ ಹುಡುಗನ ಧ್ವನಿ: ಕೇಳಿದಷ್ಟಕ್ಕೆ ಉತ್ತರ, ಅದೂ ಚಿಕ್ಕದಾಗಿ, ನಾಚಿಕೆಯಿಂದ.

ಎಡ್ವರ್ಡ್ಸ್ ಅವನ ಮೆಚ್ಚಿನ ತಂಡ ಯಾವುದೆಂದು ಕೇಳಿದರು. ಬ್ರೇವ್ಸ್ ಎಂದನು. ಆ ತಂಡದ ಕ್ಯಾಚರ್ ಯಾರು ಎಂದು ಕೇಳಿದರು. ಇದೂ ಒಂದು ಪ್ರಶ್ನೆಯೇ? ಫಿಲ್ ಮಾಸಿ ಎಂದನು. ಅವರನ್ನು ಎಂದಾದರೂ ಕಂಡಿದ್ದೀಯಾ ಎಂದರು. ಇಲ್ಲವೆಂದನು. ಆ ಕ್ಷಣದಲ್ಲಿ ಹಾಸಿಗೆಯ ಪಕ್ಕದಿಂದಲೇ ಬೇರೊಂದು ಧ್ವನಿಯು ಅವನನ್ನು ಮಾತನಾಡಿಸಿ, ನಾನೇ ಫಿಲ್ ಮಾಸಿ ಎಂದಿತು!

ಹುಡುಗನಿಗೆ ಏನಾಗಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಅಲ್ಲಿಯವರೆಗೂ ಆ ಹೆಸರು ಪತ್ರಿಕೆಯಲ್ಲಿ ಅಚ್ಚಾದ ಅಕ್ಷರ, ರೇಡಿಯೋದಲ್ಲಿ ಕೂಗುವ ಶಬ್ದ. ಈಗ ಅದೇ ಹೆಸರು ಆಜಾನುಬಾಹುವಾದ ಮನುಷ್ಯನಾಗಿ ಮಂಚದ ಬಳಿ ನಿಂತಿದೆ. ಅವನು ಬೆರಗಿನಿಂದ ಹೊರಬರುವಷ್ಟರಲ್ಲಿ ಎಡ್ವರ್ಡ್ಸ್ ಮತ್ತೊಂದು ಹೆಸರನ್ನು ಕೇಳಿದರು. ಮತ್ತೊಬ್ಬನು ಒಳಗೆ ಬಂದನು. ಎಡ್ಡಿ ಸ್ಟ್ಯಾಂಕಿ, ಬಾಬ್ ಎಲಿಯಟ್, ಅರ್ಲ್ ಟಾರ್ಗೆಸನ್, ಚೆಂಡೆಸೆಯುವ ಜಾನಿ ಸೇನ್ ಇವರೇ ಮೊದಲಾಗಿ ಒಬ್ಬೊಬ್ಬರಾಗಿ ಆ ಕೋಣೆಯನ್ನು ತುಂಬಿದರು. ತಂಡದ ನಾಯಕತ್ವವನ್ನು ವಹಿಸಿದ್ದ ಬಿಲ್ಲಿ ಸೌತ್‌ವರ್ತ್ ಅವರೂ ಬಂದರು. ಯಾರೂ ಬರಿಗೈಯಲ್ಲಿ ಬಂದಿರಲಿಲ್ಲ. ಸಹಿಮಾಡಿದ ಅಂಗಿಗಳು, ಟೊಪ್ಪಿಗೆಗಳು, ಸ್ಮರಣಿಕೆಗಳು, ಆಟ ನೋಡಲು ಚೀಟಿಗಳು. ಇವೆಲ್ಲಕ್ಕಿಂತಲೂ ಮಿಗಿಲಾಗಿ ಅವನಿಗೆ ಒಂದು ಬ್ರೇವ್ಸ್ ಉಡುಪು, ತಂಡದವರು ಮೈದಾನಕ್ಕಿಳಿಯುವಾಗ ತೊಡುವಂತಹುದು.

ಆಟದ ಮೈದಾನದಲ್ಲಿ ಪ್ರೇಕ್ಷಕನಿಗೂ ಆಟಗಾರನಿಗೂ ನಡುವೆ ಒಂದು ಬೇಲಿಯಿರುತ್ತದೆ. ಹಣ ಕೊಟ್ಟರೆ ಬೇಲಿಯ ಹತ್ತಿರಕ್ಕೆ ಹೋಗಬಹುದು, ದಾಟುವಂತಿಲ್ಲ. ಆಟಗಾರರ ಕೋಣೆಯೊಳಗೆ ಹೆಜ್ಜೆಯಿಟ್ಟು ಅವರು ಹೇಗೆ ಕುಳಿತುಕೊಳ್ಳುತ್ತಾರೆ, ಏನು ಮಾತನಾಡುತ್ತಾರೆ, ಹತ್ತಿರದಿಂದ ನೋಡಿದರೆ ಎಷ್ಟು ಎತ್ತರ ಎಂದು ತಿಳಿಯಬೇಕೆಂಬ ಆಸೆ ಯಾವ ಅಭಿಮಾನಿಗೆ ಇಲ್ಲ? ಮೇಯ್ನಿನ ಆ ರೈತನ ಮಗನಿಗೆ ಬೇಲಿಯೇ ಎದ್ದು ಮಂಚದ ಬಳಿಗೆ ನಡೆದು ಬಂದಿತು. ಆಮೇಲೆ ಪಿಯಾನೋ ವಾದ್ಯವನ್ನು ಒಳಗೆ ತಳ್ಳಿ ತಂದರು. ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಎಲ್ಲರೂ ಎದ್ದುನಿಂತು ಹಾಡುವ, ೧೯೦೮ರಲ್ಲಿ ರಚಿತವಾದ 'ಟೇಕ್ ಮಿ ಔಟ್ ಟು ದ ಬಾಲ್ ಗೇಮ್' ಎಂಬ ಹಾಡನ್ನು ಹುಡುಗನು ಎತ್ತಿಕೊಂಡನು, ಆಟಗಾರರು ಕೂಡಿಕೊಂಡರು. ಶ್ರುತಿಯೂ ಇಲ್ಲ, ಲಯವೂ ಇಲ್ಲ. ಸಂಗೀತ ಬಲ್ಲವರು ಕಿವಿ ಮುಚ್ಚಿಕೊಳ್ಳಬೇಕು. ಉಳಿದವರು ಕಣ್ಣು ಒರೆಸಿಕೊಳ್ಳಬೇಕು, ಅಂತಹ ಹಾಡು.

ಹಾಡು ಮುಗಿಯಿತು. ಎಡ್ವರ್ಡ್ಸ್ ಹುಡುಗನನ್ನು ಬೀಳ್ಕೊಂಡರು. ಆಸ್ಪತ್ರೆಗೆ ಮಾತು ತಲುಪಿಸುವ ತಂತಿಯನ್ನು ಕಡಿದರು. ಹುಡುಗನಿಗೆ ಈಗ ತಮ್ಮ ಮಾತು ಕೇಳಿಸದೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಅವರು ದೇಶದ ಜನರ ಕಡೆಗೆ ತಿರುಗಿ, ಅವನಿಗೆ ಬಂದಿರುವುದು ಎಂತಹ ರೋಗವೆಂಬುದನ್ನು ನೆನಪಿಸಿ, ತಾವು ಅವನ ಪೂರ್ತಿ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಏಕೆ ಬಳಸುತ್ತಿಲ್ಲವೆಂಬುದನ್ನು ವಿವರಿಸಿದರು. ಇಂತಹ ಮಕ್ಕಳಿಗಾಗಿ ನಡೆಯುತ್ತಿರುವ ಸಂಶೋಧನೆಗೆ ನೆರವು ನೀಡಿರೆಂದು ಬೇಡಿಕೊಂಡರು. ಇಪ್ಪತ್ತು ಸಾವಿರ ಡಾಲರುಗಳು ಕೂಡಿದರೆ, ಹುಡುಗನು ಮಲಗಿದ್ದಲ್ಲಿಂದಲೇ ತನ್ನ ತಂಡದ ಆಟವನ್ನು ನೋಡುವಂತೆ ಒಂದು ಟೆಲಿವಿಷನ್ ಯಂತ್ರವನ್ನು ಕೊಡುವುದಾಗಿ ಹೇಳಿದರು. ಟೆಲಿವಿಷನ್ ಎಂಬುದು ಆಗ ಶ್ರೀಮಂತರ ಮನೆಯಲ್ಲಿಯೂ ಅಪರೂಪವಾಗಿದ್ದಿತು. ಎಲ್ಲವೂ ಸೇರಿ ಎಂಟು ನಿಮಿಷಗಳ ಪ್ರಸಾರ.

ಅಷ್ಟರಿಂದ ಆದುದೇನು? ಸ್ವಲ್ಪ ಹೊತ್ತಿನಲ್ಲಿಯೇ ಬಾಸ್ಟನ್ನಿನ ಜನರು ಹಣ ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಿಗೆ ಬರತೊಡಗಿದರು. ಅನಂತರ ಅಂಚೆಯ ಮೂಟೆಗಳು ಬಂದುವು. ಲಕೋಟೆಗಳ ಮೇಲೆ ಬೀದಿಯಿಲ್ಲ, ಮನೆಯ ಸಂಖ್ಯೆಯಿಲ್ಲ. 'ಜಿಮ್ಮಿ, ಬಾಸ್ಟನ್' ಎಂದಷ್ಟೇ. ಅಂಚೆಯವರು ತಪ್ಪದೆ ತಲುಪಿಸಿದರು. ಇಪ್ಪತ್ತು ಸಾವಿರ ಕೇಳಿದ ಕಡೆ ಎರಡು ಲಕ್ಷ ಮೂವತ್ತೊಂದು ಸಾವಿರಕ್ಕೂ ಹೆಚ್ಚು ಡಾಲರುಗಳು ಕೂಡಿದುವು. ಹುಡುಗನಿಗೆ ಟೆಲಿವಿಷನ್ ಬಂದಿತೆಂಬುದನ್ನು ಬೇರೆ ಹೇಳಬೇಕೆ? ಅವನ ಹೆಸರಿನಿಂದಲೇ 'ಜಿಮ್ಮಿ ಫಂಡ್' ಎಂಬ ನಿಧಿಯು ನೆಲೆಗೊಂಡಿತು; ಚಿತ್ರಮಂದಿರಗಳಲ್ಲಿ ಡಬ್ಬಿಗಳನ್ನು ಹಿಡಿದು ಹಣ ಕೂಡಿಸುವ ಪದ್ಧತಿಯೂ ಬಂದಿತು. ೧೯೫೨ರ ಜನವರಿಯಲ್ಲಿ ಆ ನಿಧಿಯ ಹೆಸರಿನ ಕಟ್ಟಡವೇ ಎದ್ದು ನಿಂತಿತು.

ಈ ಕಥೆಯನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಎರಡಾಗುತ್ತದೆಂಬುದನ್ನು ಮುಚ್ಚಿಡಲಾರೆ. ರೋಗದಲ್ಲಿರುವ ಮಗುವನ್ನು ಲೋಕದ ಮುಂದಿಟ್ಟು ಹಣ ಬೇಡುವುದು ಒಳ್ಳೆಯದೆ? ತನಗೆ ಬಂದುದೇನೆಂದು ತಿಳಿಯದವನಿಂದ ಹಾಡು ಹೇಳಿಸಿ, ಅವನ ಬೆನ್ನ ಹಿಂದೆ ಅವನ ರೋಗವನ್ನು ದೇಶಕ್ಕೆಲ್ಲ ಸಾರುವುದು ನಮ್ಮ ಮನೆಯ ಮಗನ ವಿಷಯದಲ್ಲಿ ಆಗಿದ್ದರೆ ನಾವು ಒಪ್ಪುತ್ತಿದ್ದೆವೆ? ಒಪ್ಪುತ್ತಿರಲಿಲ್ಲವೆಂದೇ ತೋರುತ್ತದೆ. ಆದರೆ ಹೆಸರನ್ನು ಮರೆಸಿದರು, ಚಿತ್ರವನ್ನು ತೋರಿಸಲಿಲ್ಲ, ತಂತಿಯನ್ನು ಕಡಿದ ಮೇಲೆಯೇ ಬೇಡಿದರು. ಈಗಿನ ಕಾಲದಲ್ಲಿ ರೋಗಿಗಳ ಮುಖಗಳನ್ನು ಎಲ್ಲೆಲ್ಲಿಯೂ ಹರಡಿ ನೆರವು ಕೇಳುವವರು ಅಷ್ಟು ಸಂಕೋಚವನ್ನೂ ಉಳಿಸಿಕೊಂಡಿಲ್ಲ. ಇದು ಹಾಗಿರಲಿ, ಆಟಗಾರರ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಅವರು ರೇಡಿಯೋಗಾಗಿಯೇ ಬಂದಿದ್ದರೂ, ಬಂದುದು ಹುಡುಗನಿಗೆ ನಿಜವಾಗಿಯೇ ಬಂದಂತಾಯಿತು.

ಆ ವರ್ಷ ಬ್ರೇವ್ಸ್ ತಂಡವು ಮೂವತ್ತನಾಲ್ಕು ವರ್ಷಗಳ ಮೇಲೆ ತನ್ನ ಪಂಗಡದ ಅಗ್ರಸ್ಥಾನವನ್ನು ಗೆದ್ದುಕೊಂಡಿತು! ಕೊನೆಯ ಸ್ಪರ್ಧೆಯಲ್ಲಿ ಕ್ಲೀವ್‌ಲೆಂಡ್ ತಂಡದ ಎದುರಿಗೆ ನಾಲ್ಕಕ್ಕೆ ಎರಡರಂತೆ ಸೋತುದು ನಿಜ; ಆದರೆ ಅಲ್ಲಿಯವರೆಗೆ ಹೋದುದೇ ಅವರ ಅಭಿಮಾನಿಗಳಿಗೆ ಹಬ್ಬ. ಆಮೇಲೆ ಪುನಃ ಇಳಿಗಾಲ. ಮೈದಾನಕ್ಕೆ ಜನ ಬಾರದಾದರು. ೧೯೫೩ರಲ್ಲಿ ತಂಡವು ಬಾಸ್ಟನ್ನನ್ನು ತೊರೆದು ಮಿಲ್ವಾಕಿ ನಗರಕ್ಕೆ ಹೋಯಿತು. ೧೯೬೬ರಲ್ಲಿ ಅಲ್ಲಿಂದ ಅಟ್ಲಾಂಟಕ್ಕೆ. ಊರು ಬಿಡುವಾಗ ತಂಡದ ಒಡೆಯರು ಜಿಮ್ಮಿ ನಿಧಿಯನ್ನು ನೋಡಿಕೊಳ್ಳುವ ಭಾರವನ್ನು ರೆಡ್ ಸಾಕ್ಸ್ ತಂಡಕ್ಕೆ ಒಪ್ಪಿಸಿದರು. ಮೈದಾನದಲ್ಲಿ ಊರಿನ ಜನರನ್ನು ಎರಡು ಪಾಲು ಮಾಡಿದ್ದ ತಂಡಗಳು ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಂತೆ ನಡೆದುಕೊಂಡುವು. ರೆಡ್ ಸಾಕ್ಸಿನವರು ಆ ಭಾರವನ್ನು ಇಳಿಸಿಲ್ಲ. ಅವರಲ್ಲಿ ಎಲ್ಲರಿಗಿಂತ ದೊಡ್ಡ ದಾಂಡಿಗನಾದ ಟೆಡ್ ವಿಲಿಯಮ್ಸ್ ಪತ್ರಿಕೆಯವರನ್ನು ಕಂಡರೆ ಸಿಡಿಮಿಡಿಗೊಳ್ಳುವ ಮುಂಗೋಪಿ. ಅವನು ಆ ಮಕ್ಕಳ ಬಳಿಗೆ ಎಷ್ಟೋ ಸಲ ಹೋಗುತ್ತಿದ್ದನು. ಹೋಗುವಾಗ ಹಾಕುತ್ತಿದ್ದ ಕರಾರು ಒಂದೇ, ಪತ್ರಿಕೆಯಲ್ಲಿ ಬರಕೂಡದು.

ಜಿಮ್ಮಿ ಏನಾದನು? ಯಾರೂ ಕೇಳಲಿಲ್ಲ. ಕೇಳಲು ಜನರಿಗೆ ಧೈರ್ಯ ಬರಲಿಲ್ಲವೆಂದೇ ಹೇಳಬೇಕು. ೧೯೪೮ರಲ್ಲಿ ಅಂತಹ ರೋಗವಿದ್ದ ಹುಡುಗನು ಎಂದೋ ತೀರಿಹೋಗಿರಬೇಕೆಂದು ಲೋಕವೆಲ್ಲ ನಂಬಿತು. ಅವನ ಹೆಸರಿನ ನಿಧಿ ಬೆಳೆಯಿತು, ಕಟ್ಟಡ ಬೆಳೆಯಿತು, ಸಾವಿರಾರು ಮಕ್ಕಳು ಅಲ್ಲಿ ಬಂದು ಚಿಕಿತ್ಸೆ ಪಡೆದು ಹೋದರು. ಫಾರ್ಬರರು ೧೯೭೩ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆಯು ಈಗ ಡೇನಾ-ಫಾರ್ಬರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಹೀಗಿರಲು, ಐವತ್ತು ವರ್ಷಗಳು ತುಂಬುತ್ತ ಬಂದ ಕಾಲದಲ್ಲಿ, ನಿಧಿಯ ಕಚೇರಿಗೆ ಹೆಂಗಸೊಬ್ಬಳಿಂದ ಒಂದು ಕಾಗದ ಬಂದಿತು. ಜಿಮ್ಮಿ ಎಂಬವನು ತನ್ನ ಸೋದರನೆಂದೂ, ಅವನು ಬದುಕಿರುವನೆಂದೂ ಅದರಲ್ಲಿ ಬರೆದಿದ್ದಿತು. ಇಂತಹ ಕಾಗದವನ್ನು ಯಾರು ತಾನೇ ಕೂಡಲೇ ನಂಬಿಯಾರು? ವಿಚಾರಿಸಿ ನೋಡಲಾಗಿ ನಿಜವೆಂದು ತಿಳಿಯಿತು. ೧೯೪೮ರಲ್ಲಿಯೇ ಐನಾರನು ಊರಿಗೆ ಹಿಂತಿರುಗಿದ್ದನು. ಕೆಲವು ವರ್ಷ ತಪಾಸಣೆಗೆಂದು ಬಾಸ್ಟನ್ನಿಗೆ ಹೋಗಿ ಬರುತ್ತಿದ್ದು, ಆಮೇಲೆ ಲಾರಿ ನಡೆಯಿಸುವ ಕೆಲಸಕ್ಕೆ ಸೇರಿ, ದೇಶದ ಉದ್ದ ಅಗಲಗಳಲ್ಲಿ ಸರಕು ಸಾಗಿಸಿ, ಮದುವೆಯಾಗಿ, ಮೂವರು ಹೆಣ್ಣುಮಕ್ಕಳಿಗೆ ತಂದೆಯಾಗಿ, ಮೊಮ್ಮಕ್ಕಳನ್ನೂ ಎತ್ತಿಕೊಂಡಿದ್ದನು. ಅವನ ಊರಿನವರಿಗೆಲ್ಲ ಅವನೇ ಜಿಮ್ಮಿಯೆಂಬುದು ಗೊತ್ತಿತ್ತು. ಅದನ್ನು ಹೊರಗೆ ಹೋಗಿ ಹೇಳಬೇಕೆಂದು ಅವನಿಗೂ ತೋರಲಿಲ್ಲ, ಅವರಿಗೂ ತೋರಲಿಲ್ಲ. ಹಳ್ಳಿಯವರ ಸ್ವಭಾವವೇ ಹಾಗೆ. ಅದು ಮೇಯ್ನಿನಲ್ಲಿಯೂ ಬೇರೆಯಲ್ಲವೆಂದು ಕಾಣುತ್ತದೆ.

೧೯೯೮ರಲ್ಲಿ, ಎಂದರೆ ಆ ರಾತ್ರಿಗೆ ಸರಿಯಾಗಿ ಐವತ್ತು ವರ್ಷಗಳಾದಾಗ, ಅರವತ್ತರ ಗಡಿಯನ್ನು ದಾಟಿದ ಎತ್ತರದ ಮನುಷ್ಯನಾಗಿ ಅವನು ಬಾಸ್ಟನ್ನಿಗೆ ಬಂದನು. ತನ್ನ ಹೆಸರನ್ನು ಹೊತ್ತ ಸಂಸ್ಥೆಯಲ್ಲಿ, ತಾನು ಒಮ್ಮೆ ಮಲಗಿದ್ದಂತೆ ಮಲಗಿದ್ದ ಮಕ್ಕಳ ಬಳಿಗೆ ಹೋದನು. ಹನ್ನೆರಡು ವರ್ಷದವನಾಗಿ ಮಲಗಿದ್ದಾಗ ತನ್ನ ಬಾಗಿಲಿನಿಂದ ಆಟಗಾರರು ಬಂದರು. ಈಗ ಮಕ್ಕಳ ಬಾಗಿಲಿನಿಂದ ಅವನು ಬಂದನು. ಮುಂದೆ ಮೂರು ವರ್ಷ ತುಂಬುವ ಮೊದಲೇ, ೨೦೦೧ರ ಜನವರಿಯಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದಕ್ಕೆ ಕಾರಣ ಹಳೆಯ ರೋಗವಲ್ಲ, ಪಾರ್ಶ್ವವಾಯು.

ಬ್ರೇವ್ಸ್ ತಂಡದವರು ಅಂದು ಕೊಟ್ಟ ಉಡುಪು ಅಷ್ಟು ವರ್ಷವೂ ಅವನ ಬಳಿಯಲ್ಲಿಯೇ ಇದ್ದಿತು. ಹನ್ನೆರಡು ವರ್ಷದ ಹುಡುಗನ ಅಳತೆಯದು.